ಅಗ್ಗದ್ದೇ ಸಾಕೆಂದು ಬರೆದ ಗುಮಾಸ್ತನ ಅಹವಾಲು

ಇಂದ:
ದಾಸ್ತಾನು ಗುಮಾಸ್ತ, ಕೆಳಮಹಡಿ

ಗೆ:
ವ್ಯವಸ್ಥಾಪಕರು, ಮೇಲ್ಮಹಡಿ

ವಿಷಯ: ನನ್ನ ಜಾಗಕ್ಕೆ ತಂದಿರುವ ಕಡಿಮೆ ಸಂಬಳದ ಗುಮಾಸ್ತೆಯನ್ನು ಪರೀಕ್ಷಿಸಿ ವರದಿ ಸಲ್ಲಿಸುವ ಬಗ್ಗೆ.

ಉಲ್ಲೇಖ: (೧) ಅಗ್ಗದ್ದೇ ಸಾಕಾಗುವಲ್ಲಿ ದುಬಾರಿಯದು ಬೇಡವೆಂಬ ನನ್ನದೇ ಟಿಪ್ಪಣಿ.
(೨) ಸೋಮವಾರ ತಾವು ಮೆಟ್ಟಿಲ ಮೇಲೆ ನಿಂತು ಆಡಿದ ಮಾತು.

ಮಾನ್ಯರೇ,

ಮೇಲ್ಕಂಡ ವಿಷಯದಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ಸಂಜೆ ಕಾಲೇಜಿನಲ್ಲಿ ಕಲಿತ ಅಲ್ಪಸ್ವಲ್ಪ ಲೆಕ್ಕಶಾಸ್ತ್ರದ ಧೈರ್ಯದಿಂದ ಉಲ್ಲೇಖ (೧)ನ್ನು ಬರೆದೆನು. ಅದರಂತೆ ಪರದೆ, ಪೊರಕೆ, ಗೋಡೆ ಗಡಿಯಾರ, ಉಗ್ರಾಣದ ಚಿಲಕ ಎಲ್ಲವೂ ಅಗ್ಗದವೇ ಬಂದವು. ಯಾವುದೂ ಕೈಕೊಟ್ಟಿಲ್ಲ. ಕುರ್ಚಿಯ ಬಗ್ಗೆ ಮಾತ್ರ ಅನುಮಾನವಿದ್ದ ಕಾರಣ ಮೊದಲು ನಾನೇ ಕುಳಿತು ನೋಡಿದೆನು. ಸೊಂಟ ಹಿಡಿದುಕೊಂಡಿತು. ದೋಷ ಕುರ್ಚಿಯದೋ ಸೊಂಟದ್ದೋ ಖಚಿತವಾಗದ್ದರಿಂದ "ಸಾಕು" ಎಂದು ಸಹಿ ಹಾಕಿದೆನು.

೨. ಸೋಮವಾರ ತಾವು, "ನಿಮ್ಮ ಟಿಪ್ಪಣಿ ತುಂಬಾ ಚೆನ್ನಾಗಿದೆ ಕಣ್ರೀ. ಅದರ ಪ್ರಕಾರಾನೇ ನಿಮ್ಮ ಜಾಗಕ್ಕೂ ಒಬ್ಬರನ್ನ ನೋಡಿದೀನಿ, ಅರ್ಧ ಸಂಬಳಕ್ಕೆ. ಒಂದು ವಾರ ಕೆಲಸ ನೋಡಿ, ನೀವೇ ಸಹಿ ಹಾಕ್ಬಿಡಿ" ಎಂದಿರಿ. ಗಾಬರಿಯಲ್ಲಿ ನಾನು "ಥ್ಯಾಂಕ್ಸ್ ಸಾರ್" ಎಂದಿದ್ದೇನೆ. ಅದನ್ನು ಒಪ್ಪಿಗೆಯೆಂದು ಪರಿಗಣಿಸಬಾರದಾಗಿ ವಿನಂತಿ.

೩. ವಿಷಯ ತಿಳಿದ ನನ್ನ ಹೆಂಡತಿ, "ನಮ್ಮ ಅನ್ನಕ್ಕೆ ನೀವೇ ಕಲ್ಲು ಹಾಕ್ಕೊಂಡ್ರಲ್ಲ! ಆಯಮ್ಮಂಗೆ ಏನೂ ಬರಲ್ಲ ಅಂತ ಬರೆದುಬಿಡಿ. ನಿಮ್ಮ ಗಂಟೇನು ಹೋಗುತ್ತೆ?" ಎಂದಳು.

೪. ಹಾಗೆಯೇ ಬರೆಯಲು ಕುಳಿತೆನು. ಆದರೆ ಆಕೆಗೆ ಎಲ್ಲವೂ ಬರುತ್ತದೆ. ನಾನು ಎರಡೆರಡು ಸಲ ಎಣಿಸುವ ಬಲ್ಬುಗಳನ್ನು ಒಂದೇ ಸಲ ಎಣಿಸುತ್ತಾರೆ, ತಪ್ಪುವುದಿಲ್ಲ. (ನಾನು ಮತ್ತೆ ಎಣಿಸಿ ನೋಡಿದ್ದೇನೆ.) ನನ್ನ ಜಾಗದಲ್ಲಿರುವ ಆ ಅಗ್ಗದ ಕುರ್ಚಿಯಲ್ಲಿ ಕುಳಿತ ದಿನವೇ, "ಅಣ್ಣಾ, ಇದಕ್ಕೆ ಸಾಕು ಅಂತ ಸಹಿ ಹಾಕಿದ ಪುಣ್ಯಾತ್ಮ ಯಾರು?" ಎಂದು ಕೇಳಿದರು. ಕಡತ ಹುಡುಕುವವನಂತೆ ನಾನು ಬಗ್ಗಿದೆನು. ಸೊಂಟದ ಕಾರಣ ಏಳಲಾಗಲಿಲ್ಲ. ಆಕೆಯೇ ಕೈಹಿಡಿದು ಎಬ್ಬಿಸಿ, "ನಿಮ್ಮನ್ನ ತೆಗೆದು ನನ್ನ ಹಾಕ್ತಾರಂತೆ, ಹೌದಾ? ಗೊತ್ತಿದ್ರೆ ನಾನು ಬರ್ತಾನೇ ಇರ್ಲಿಲ್ಲ" ಎಂದರು. ಕೂಡಲೇ ತಾವೇ ತಿದ್ದಿಕೊಂಡು, "ಇಲ್ಲ ಅಣ್ಣಾ, ಬರ್ತಿದ್ದೆ. ಮನೆ ನಡೀಬೇಕಲ್ಲ" ಎಂದರು.

೫. ಕಾರಣ, ಸುಳ್ಳು ಬರೆಯಲಾರದೆ, "ಸಾಕು" ಎಂದೇ ಸಹಿ ಹಾಕಿ ಲಗತ್ತಿಸಿದ್ದೇನೆ. ಹೆಂಡತಿಗೆ ಇನ್ನೂ ಹೇಳಿಲ್ಲ.

ಆದರೆ ಉಲ್ಲೇಖ (೧)ರ ಕೊನೆಯ ಸಾಲನ್ನು ದಯವಿಟ್ಟು ಗಮನಿಸಬೇಕು: "ಅಗ್ಗದ್ದು ಬಂದ ಮೇಲೂ ಹಳೆಯದನ್ನು ಎಸೆಯದೆ ಒಂದು ವರ್ಷ ಉಗ್ರಾಣದಲ್ಲಿ ಇಡತಕ್ಕದ್ದು." ಹಳೆಯ ಪರದೆ, ಹಳೆಯ ಗಡಿಯಾರ, ಹಳೆಯ ಕುರ್ಚಿ ಅಲ್ಲಿಯೇ ಇವೆ. ಆದ್ದರಿಂದ ನನ್ನನ್ನೂ ಅಲ್ಲಿಯೇ ಇರಿಸಿಕೊಳ್ಳಬೇಕಾಗಿ ಪ್ರಾರ್ಥನೆ. ಸಂಬಳ ಆಕೆಗೆ ಕೊಡುವಷ್ಟೇ ಸಾಕು. ಎರಡು ಅರ್ಧ ಸೇರಿ ಒಂದಾಗುವುದರಿಂದ ಕಚೇರಿಗೆ ಇದರಿಂದ ಉಳಿತಾಯವೇನೂ ಇಲ್ಲವೆಂಬುದನ್ನೂ ಪ್ರಾಮಾಣಿಕವಾಗಿ ತಿಳಿಸುತ್ತೇನೆ.

ಇನ್ನೊಂದು ವರ್ಷವಾದರೂ ತಮ್ಮ ವಿಶ್ವಾಸಿಯಾಗಿರಬಯಸುವ,
ದಾಸ್ತಾನು ಗುಮಾಸ್ತ (ಹಳೆಯದು)

ಲಗತ್ತುಗಳು:
೧. "ಸಾಕು" ವರದಿ, ಸಹಿ ಸಮೇತ.
೨. ಅಗ್ಗದ ಕುರ್ಚಿಗೆ ಕೊಟ್ಟಿದ್ದ "ಸಾಕು" ವರದಿಯನ್ನು ಹಿಂಪಡೆಯುವ ಪತ್ರ.
೩. ಉಗ್ರಾಣದ ಕೀಲಿ: ಲಗತ್ತಿಸಿಲ್ಲ. ನಾನು ಈಗಾಗಲೇ ಒಳಗೆ, ಹಳೆಯ ಕುರ್ಚಿಯಲ್ಲಿ ಕುಳಿತಿದ್ದೇನೆ. ದಯವಿಟ್ಟು ಬಾಗಿಲು ದೂಡಬಾರದು. ಚಿಲಕ ಅಗ್ಗದ್ದೇ ಆದರೂ ಸಾಕಷ್ಟು ಗಟ್ಟಿಯಾಗಿದೆ.