ಪಿಕಪ್ಪಿನ ಹೊರಗೆ ಐದು ಸ್ವಿಚ್ಚು

ಸ್ವಿಚ್ಚು ಎಂಬುದು ಮಳೆ ಬಿಸಿಲು ತಾಗದ ಹಾಗೆ ಒಳಗಡೆ ಇರಬೇಕಾದ ವಸ್ತು ಎಂದು ನೀವು ನಂಬಿಕೊಂಡಿದ್ದರೆ, ನೀವು ನನ್ನ ಸೋದರಮಾವನನ್ನು ನೋಡಿಲ್ಲ ಎಂದೇ ಅರ್ಥ. ಅವರ ಪಿಕಪ್ಪಿನ ಹೊರಮೈಯಲ್ಲೇ ಐದು ಸ್ವಿಚ್ಚುಗಳಿವೆ. ಎಡಕ್ಕೆ ಎರಡು, ಬಲಕ್ಕೆ ಎರಡು, ಹಿಂದಿನ ಬಾಗಿಲಿನ ಪಕ್ಕ ಒಂದು. ಮಳೆ ನೀರು ಇಳಿಯದಂತೆ ಒಂದೊಂದರ ಮೇಲೂ ಒಂದೊಂದು ಸಾಬೂನು ಡಬ್ಬಿ! ಬೆಟ್ಟಂಪಾಡಿಯಿಂದ ಸುಳ್ಯದವರೆಗೆ ಈ ಗಾಡಿಯನ್ನು ಗುರುತಿಸಲು ಯಾರಿಗೂ ನಂಬರ್ ಪ್ಲೇಟು ಬೇಕಾಗಿಲ್ಲ. "ಸಾಬೂನು ಡಬ್ಬಿಯ ಗಾಡಿ ಹೋಯ್ತಾ?" ಎಂದು ಕೇಳಿದರೆ ಸಾಕು.

ನಗುವ ಮೊದಲು ವಿಷಯ ಕೇಳಿ. ಮಾವನದು ಜೇನು ಸಾಕಣೆ. ರಬ್ಬರು ಮರದ ಎಳೆ ಚಿಗುರಲ್ಲಿ ಸಿಹಿ ಒಸರುವ ಹೊತ್ತಿಗೆ ಜೇನುಪೆಟ್ಟಿಗೆಗಳನ್ನು ಸುಳ್ಯ ಕಡೆಯ ರಬ್ಬರು ತೋಟಗಳಿಗೆ ಸಾಗಿಸಬೇಕು, ಚಿಗುರು ಬಲಿತ ಮೇಲೆ ವಾಪಸು ತರಬೇಕು. ಹಗಲಲ್ಲಿ ಈ ಕೆಲಸ ಆಗುವುದಿಲ್ಲ. ಹುಳಗಳೆಲ್ಲ ಹೊರಗೆ ಹೋಗಿರುತ್ತವೆ. ಸಂಜೆ ಕಪ್ಪಾಗಿ, ಅವು ಮನೆ ಸೇರಿದ ಮೇಲೆಯೇ ಬಾಗಿಲು ಮುಚ್ಚಿ ಪೆಟ್ಟಿಗೆ ಎತ್ತಬೇಕು. ಎತ್ತುವುದು ಮಾವ, ಮುಚ್ಚುವುದು ಅತ್ತೆ. ಅತ್ತೆ ಪೆಟ್ಟಿಗೆಗೆ ಕಿವಿಯಿಟ್ಟು ಒಳಗಿನ ಸದ್ದು ಕೇಳಿ, "ಇನ್ನೂ ಬರ್ಲಿಕ್ಕುಂಟು, ನಿಲ್ಲಿ" ಎಂದರೆ ಮಾವ ಕಂಬದ ಹಾಗೆ ನಿಲ್ಲುತ್ತಾರೆ. ಮನೆಯಲ್ಲಿ ಅತ್ತೆಯ ಒಂದು ಮಾತನ್ನೂ ಕೇಳದ ಮನುಷ್ಯ ತೋಟದಲ್ಲಿ ಮಾತ್ರ ಎದುರು ಮಾತಾಡಿದ್ದನ್ನು ನಾನು ಕಂಡಿಲ್ಲ.

ಮೂರು ವರ್ಷಗಳ ಹಿಂದೆ, ಊಟಕ್ಕೆ ಬಡಿಸುತ್ತಾ ಅತ್ತೆ ಹೇಳಿದರು: "ಇನ್ನು ಪೆಟ್ಟಿಗೆ ತರ್ಲಿಕ್ಕೆ ನಾನು ಬರುದಿಲ್ಲ. ಕಪ್ಪಾದ್ರೆ ನನಗೆ ಕಣ್ಣು ಕಾಣುದಿಲ್ಲ. ಇದು ಗುಣ ಆಗುದಲ್ಲ, ಜಾಸ್ತಿ ಆಗುದೇ ಅಂತ ಡಾಕ್ಟ್ರು ಹೇಳಿದ್ದಾರೆ. ನೀವು ಬೇರೆ ಜನ ನೋಡಿ."

ಮಾವ ಅರ್ಧ ಊಟದಲ್ಲೇ ಎದ್ದು ಕೈ ತೊಳೆದರು. ಬೇರೆ ಜನ ನೋಡಲಿಲ್ಲ. ಮರುದಿನ ಪುತ್ತೂರಿಗೆ ಹೋಗಿ ಪಿಕಪ್ಪಿಗೊಂದು ಲೈಟು ತಂದರು! "ಕಣ್ಣು ಕಾಣುದಿಲ್ಲ ಅಂದ್ರೆ ಬೆಳಕು ಕಮ್ಮಿ ಅಂತ ಅರ್ಥ. ಅಷ್ಟಕ್ಕೆ ಡಾಕ್ಟ್ರು ಯಾಕೆ?" ಎಂಬುದು ಅವರ ವೈದ್ಯಶಾಸ್ತ್ರ.

ಮೊದಲ ಲೈಟು ಬಿಳಿಯದು, ಹೊತ್ತಿಸಿದರೆ ಮರದ ತುದಿಯ ಎಲೆ ಎಣಿಸಬಹುದಿತ್ತು. ಪರೀಕ್ಷೆಗೆಂದು ಅಂಗಳದಲ್ಲಿ ಬಾಗಿಲು ಮುಚ್ಚದ ಪೆಟ್ಟಿಗೆಯೊಂದರ ಎದುರು ಹೊತ್ತಿಸಿದರು. ಪೆಟ್ಟಿಗೆಯ ಸಂಸಾರವೆಲ್ಲ ಬೆಳಕಿಗೆ ನುಗ್ಗಿತು. ಬೆಳಕಿಗೂ ಪೆಟ್ಟಿಗೆಗೂ ನಡುವೆ ನಿಂತದ್ದು ಯಾರು? ಮಾವ! ಮರುದಿನ ಪುತ್ತೂರಿನಲ್ಲಿ ಮದುವೆ. ಪಂಕ್ತಿಯಲ್ಲಿ ಮಾವನ ಪಕ್ಕವೇ ಕುಳಿತ ನೆಂಟರೊಬ್ಬರು ಅವರ ಮುಖವನ್ನು ಒಮ್ಮೆ ನೋಡಿ, ನನ್ನ ಕಡೆ ಬಾಗಿ ಕೇಳಿದರು: "ನಿಮ್ಮ ಮಾವ ಯಾಕೆ ಬರ್ಲಿಲ್ಲ?"

ಜೇನುಹುಳಕ್ಕೆ ಕೆಂಪು ಕಾಣುವುದಿಲ್ಲ. ಆದ್ದರಿಂದ ಲೈಟು ಕೆಂಪಾಯಿತು. ಆಗ ಇನ್ನೊಂದು ತೊಂದರೆ. ಸ್ವಿಚ್ಚು ಇದ್ದದ್ದು ಸ್ಟೀರಿಂಗಿನ ಹತ್ತಿರ. ಅದನ್ನು ಹಾಕಲು ಬಾಗಿಲು ತೆರೆದರೆ ಒಳಗಿನ ಬಿಳಿ ಬಲ್ಬು ಹೊತ್ತಿಕೊಳ್ಳುತ್ತದೆ, ಹಿಂದೆಯೇ ಹುಳ ಒಳಗೆ ಬರುತ್ತದೆ. ಬನಿಯನ್ನಿನೊಳಗೆ ಜೇನುಹುಳ ಓಡಾಡುವಾಗ ಸ್ಟೀರಿಂಗು ಎಷ್ಟು ನೆಟ್ಟಗೆ ನಿಂತೀತು, ನೀವೇ ಹೇಳಿ!

ಹೀಗೆ ಸ್ವಿಚ್ಚು ಹೊರಗೆ ಬಂತು. ಪುತ್ತೂರಿನ ಎಲೆಕ್ಟ್ರಿಷಿಯನ್ ಮನೆಗೇ ಬಂದು, "ಹೊರಗೆ ಯಾರು ಹಾಕ್ತಾರೆ ಮಾರಾಯ್ರೆ? ಮಳೆಗೆ ಶಾರ್ಟ್ ಆಗ್ತದೆ" ಎಂದು ತಲೆ ಚಚ್ಚಿಕೊಂಡ. ಸಾಬೂನು ಡಬ್ಬಿ ಬಂದದ್ದು ಆವಾಗ. ಆಮೇಲೆ ಮಾವ ಅತ್ತೆಯನ್ನು ಕರೆದು ಗಾಡಿಯ ಪಕ್ಕ ನಿಲ್ಲಿಸಿ, ಅವರ ಕೈ ಎಲ್ಲಿಗೆ ತಾಗುತ್ತದೋ ಅಲ್ಲಿ ಸೀಮೆಸುಣ್ಣದಿಂದ ಗುರುತು ಹಾಕತೊಡಗಿದರು.

"ನಾನು ಬರುದಿಲ್ಲ ಅಂತ ಹೇಳಿದ್ದೇನೆ," ಎಂದರು ಅತ್ತೆ.

"ನಿನ್ನನ್ನು ಬಾ ಅಂತ ಯಾರು ಹೇಳಿದ್ದು? ಅಳತೆಗೆ ಸುಮ್ಮನೆ ನಿಲ್ಲು ಮಾರಾಯ್ತಿ."

ಅಳತೆ ಕೊಟ್ಟ ಮೇಲೆ ಹೋಗದಿರಲು ಆಗುತ್ತದೆಯೇ? ಆ ವರ್ಷ ಅತ್ತೆ ಹೋದರು. ಎಡಗಡೆ ಒಂದು ಬೇರಿಗೆ ಎಡವಿದರು. ಎಡಕ್ಕೆ ಎರಡನೆಯ ಲೈಟು, ಎರಡನೆಯ ಸ್ವಿಚ್ಚು ಬಂತು. ಹೀಗೆ ಅತ್ತೆ ಎಡವಿದಲ್ಲೆಲ್ಲ ಒಂದೊಂದು ಕೂತು, ಲೆಕ್ಕ ಐದಕ್ಕೆ ಮುಟ್ಟಿತು. ಐದಕ್ಕೂ ಫ್ಯೂಸು ಒಂದೇ.

ಹೊರಗಿನ ಸ್ವಿಚ್ಚು ಊರಿಗೆಲ್ಲ ಸೇರಿದ್ದು. ಕಡಬದಲ್ಲಿ ಒಂದು ಹೊಸ ಮನೆಯ ಒಕ್ಕಲಿಗೆ ಹೋಗಿದ್ದಾಗ ಆ ಮನೆಯ ಕರು ಗಾಡಿಗೆ ಬೆನ್ನು ಉಜ್ಜಿಕೊಂಡಿತು. ಡಬ್ಬಿಯ ಮುಚ್ಚಳ ಹಾರಿತು, ಸ್ವಿಚ್ಚು ಒತ್ತಿಹೋಯಿತು, ನಾವು ಪಾಯಸ ಮುಗಿಸಿ ಹರಟೆ ಹೊಡೆದು ಏಳುವಾಗ ಬ್ಯಾಟರಿ ಸತ್ತಿತ್ತು. ರೇಷ್ಮೆ ಪಂಚೆಯವರೆಲ್ಲ ಸೇರಿ ಗಾಡಿ ದೂಡಿದರು. ಮಾವನಿಗೆ ನಾಚಿಕೆಯೇ? "ನೋಡಿದೆಯಾ, ಕರುವಿಗೂ ಎಟಕ್ತದೆ!" ಎಂದು ನನಗೆ ಹೆಮ್ಮೆಯಿಂದ ಹೇಳಿದರು.

ಇನ್ನೊಂದು ಸಲ ಕಬಕದ ಹತ್ತಿರ ಪೊಲೀಸರೊಬ್ಬರು ಕೈ ಅಡ್ಡ ಹಿಡಿದರು.

"ಇದು ಎಂತದು?"

"ಸ್ವಿಚ್ಚು."

"ಹೊರಗೆ ಯಾಕೆ?"

"ಒಳಗೆ ಹಾಕಿದ್ರೆ ಜೇನುಹುಳ ಬರ್ತದೆ ಸಾರ್. ಹಿಂದೆ ಹನ್ನೆರಡು ಪೆಟ್ಟಿಗೆ ಉಂಟು. ತೋರಿಸ್ಬೇಕಾ?"

ಅವರು ನಾಲ್ಕು ಹೆಜ್ಜೆ ಹಿಂದೆ ಸರಿದು, ದೂರದಿಂದಲೇ ಹೋಗಿ ಎಂದು ಕೈ ಬೀಸಿದರು.

ಈ ವರ್ಷ ಪೆಟ್ಟಿಗೆ ತರುವ ದಿನ ನಾನೂ ಜೊತೆಗೆ ಹೋಗಿದ್ದೆ. ಮಧ್ಯಾಹ್ನದ ಬಿಸಿಲಲ್ಲೇ ಅತ್ತೆ ಚೊಂಬನ್ನು ತಡವಿ ಹುಡುಕುವುದನ್ನು ಕಂಡಿದ್ದೆ. ಮಾವನೂ ಕಂಡಿರಬೇಕು, ಗಾಡಿಯಲ್ಲಿ ದಾರಿಯುದ್ದಕ್ಕೂ ಆರನೆಯ ಲೈಟಿನ ವಿಷಯವೇ ಮಾತಾಡಿದರು.

ರಬ್ಬರು ತೋಟದಲ್ಲಿ ಕತ್ತಲು ಬೇಗ ಇಳಿಯುತ್ತದೆ. ಮಾವ ಒಂದು ಪೆಟ್ಟಿಗೆಯನ್ನು ಎದೆಗಾನಿಸಿ ಹೊತ್ತು ತರುತ್ತಿದ್ದರು, ನಾನು ಹಗ್ಗ ಹಿಡಿದು ಗಾಡಿಯ ಹಿಂದೆ ನಿಂತಿದ್ದೆ. ಅತ್ತೆ ಗಾಡಿಯ ಮೈ ಸವರುತ್ತಾ ಬಂದರು. ಕೈ ನೆಟ್ಟಗೆ ಸಾಬೂನು ಡಬ್ಬಿಗೆ ಹೋಯಿತು. ಮುಚ್ಚಳ ತೆಗೆದು ಸ್ವಿಚ್ಚು ಒತ್ತಿದರು. ಟಕ್ ಎಂದಿತು.

ಲೈಟು ಹೊತ್ತಲಿಲ್ಲ. ಐದರಲ್ಲಿ ಯಾವುದನ್ನು ಒತ್ತಿದರೂ ಹೊತ್ತುವ ಹಾಗಿರಲಿಲ್ಲ. ಫ್ಯೂಸು ಹೋಗಿತ್ತು. ಹೇಳಬೇಕೆಂದು ಮಾವ ಬಾಯಿ ತೆರೆದರು.

"ಹಾಂ, ಈಗ ಸರಿ," ಎಂದರು ಅತ್ತೆ. "ಈಗ ಚಂದ ಕಾಣ್ತದೆ."

ಅಷ್ಟು ಹೇಳಿ ಅವರು ಆ ಕತ್ತಲಲ್ಲೇ ಎಣಿಸಿಟ್ಟ ಹೆಜ್ಜೆ ಹಾಕುತ್ತಾ ಮುಂದಿನ ಪೆಟ್ಟಿಗೆಯ ಬಳಿ ಹೋಗಿ ಕುಳಿತು ಕಿವಿಯಿಟ್ಟರು. ಎಷ್ಟು ಸಮಯದಿಂದ ಹೀಗೆ? ಈ ವರ್ಷದಿಂದಲೇ, ಮೊದಲ ಲೈಟಿನಿಂದಲೇ? ನಾವು ನಕ್ಕ ಐದು ಸ್ವಿಚ್ಚುಗಳಲ್ಲಿ ಒಂದಾದರೂ ಅವರಿಗೆ ಬೆಳಕು ಕೊಟ್ಟಿತ್ತೇ? ಬೆಳಕು ಬಿಡೋಣವೆಂದು ಮೊಬೈಲು ತೆಗೆದೆ. ಮಾವ ಮೆಲ್ಲಗೆ "ಬೇಡ" ಎಂದರು.

ಆಮೇಲೆ ಅವರೇ ಅತ್ತೆಯನ್ನು ಕೇಳಿದರು, "ಬೆಳಕು ಸಾಕಾ?"

"ಧಾರಾಳ ಆಯ್ತು. ಇನ್ನೊಂದು ಕೂರಿಸ್ಬೇಡಿ ಮಾರಾಯ್ರೆ."

"ಬರುವ ವರ್ಷವೂ ಬರ್ತೀಯಲ್ಲಾ?" ಎಂದರು ಮಾವ.

"ಬರದೆ ಎಂತ? ಇಷ್ಟು ಸ್ವಿಚ್ಚು ಹಾಕಿಸಿಟ್ಟಿದ್ದೀರಿ. ಒತ್ಲಿಕ್ಕೆ ಜನ ಬೇಡ್ವಾ?" ಅತ್ತೆ ನಕ್ಕರು. ಮತ್ತೆ ಪೆಟ್ಟಿಗೆಗೆ ಕಿವಿ ಕೊಟ್ಟು, "ಇನ್ನೂ ಬರ್ಲಿಕ್ಕುಂಟು, ನಿಲ್ಲಿ" ಎಂದರು.

ಮಾವ ಕೈಯಲ್ಲಿದ್ದ ಪೆಟ್ಟಿಗೆಯನ್ನು ಕೆಳಗಿಡುವುದನ್ನೂ ಮರೆತು, ಎದೆಗೆ ಅಪ್ಪಿಕೊಂಡು, ಆ ಕತ್ತಲಲ್ಲಿ ಹಾಗೆಯೇ ನಿಂತರು.