ನಮ್ಮ ಮನೆಯ ಹಾಲ್‌ನಲ್ಲಿ ನೇರ ಹೋಗದ ಚೆಂಡು

ನನಗೆ ಸಿಟ್ಟು ಬಂದಿದೆ. ಅದನ್ನು ಸಾವಧಾನವಾಗಿ ಬರೆಯುತ್ತಿದ್ದೇನೆ, ಏಕೆಂದರೆ ದಾದರಿನ ಪತ್ರಿಕಾ ಕಚೇರಿಯೊಂದರಲ್ಲಿ ಮೂವತ್ತು ವರ್ಷ ಸುದ್ದಿ ತಿದ್ದಿದವನಿಗೆ ಬೇರೆ ರೀತಿಯಲ್ಲಿ ಸಿಟ್ಟಾಗಲು ಬರುವುದಿಲ್ಲ. ಊರವರ ಸಿಟ್ಟನ್ನೆಲ್ಲ ಕತ್ತರಿಸಿ ಅರ್ಧ ಕಾಲಮಿಗೆ ಇಳಿಸಿದವನು ನಾನು. ನನ್ನದನ್ನೂ ಇಳಿಸಲು ನೋಡಿದೆ. ಆಗಲಿಲ್ಲ.

ನಿವೃತ್ತನಾದ ಮೇಲೆ ನನ್ನನ್ನು ಗಾಲ್ಫಿಗೆ ಎಳೆದವರು ಸುಧಾಕರ ಭಾವ. ಹೆಂಡತಿಯ ಅಣ್ಣ, ಕಾಂದಿವಲಿಯಲ್ಲಿ ಹೋಟೆಲು ಇಟ್ಟವರು. ಈ ವರ್ಷ ಕ್ಲಬ್ಬಿನ ಜೋಡಿ ಪಂದ್ಯಕ್ಕೆ ನನ್ನನ್ನೇ ಜೊತೆಗಾರನಾಗಿ ಆರಿಸಿಕೊಂಡರು. "ದೂರ ಹೊಡೆಯುದು ನನಗೆ ಬಿಡಿ ಭಾವ. ಗುಳಿಯ ಹತ್ರ ಬಂದ ಮೇಲೆ ಮೆಲ್ಲ ತಳ್ಳುದು ನಿಮ್ಮ ಕೆಲಸ" ಎಂದರು. ಇಷ್ಟು ವರ್ಷದಲ್ಲಿ ಅವರು ನನ್ನನ್ನು ನಂಬಿ ವಹಿಸಿದ ಮೊದಲ ಕೆಲಸ ಅದು.

ಮೈದಾನದಲ್ಲಿ ಗಂಟೆಗಟ್ಟಲೆ ಕೋಲು ಬೀಸಿ ಬೆವರುವುದನ್ನೇ ಅಭ್ಯಾಸವೆಂದು ತಿಳಿದವರನ್ನು ಕಂಡರೆ ನನಗೆ ಕನಿಕರ. ಅಭ್ಯಾಸ ಕಡಿಮೆಯಿರಲಿ, ದಿನವೂ ಇರಲಿ, ತಪ್ಪುವ ಹೊಡೆತದ್ದೇ ಇರಲಿ ಎಂಬುದು ನನ್ನ ಸಿದ್ಧಾಂತ. ಹಾಗಾಗಿ ನಮ್ಮ ಮನೆಯ ಹಾಲ್‌ನಲ್ಲಿ ಸ್ಟೀಲ್ ಲೋಟವನ್ನು ಅಡ್ಡ ಮಲಗಿಸಿ, ಸೋಫಾದ ಬದಿಯಿಂದ ದಿನಾ ಬೆಳಿಗ್ಗೆ ಐವತ್ತು ಸಲ ಚೆಂಡು ತಳ್ಳಿದೆ. ಮೊದಮೊದಲು ಚೆಂಡು ಬಲಕ್ಕೆ, ಬಾಲ್ಕನಿಯ ಕಡೆಗೆ ಹೋಗುತ್ತಿತ್ತು. ಕೈಯ ದೋಷವೆಂದು ತಿಳಿದು ತುಸು ಎಡಕ್ಕೆ ಗುರಿಯಿಡುವುದನ್ನು ರೂಢಿಸಿಕೊಂಡೆ. ಮೂರು ತಿಂಗಳಾಗುವಷ್ಟರಲ್ಲಿ ಒಂದೂ ತಪ್ಪುತ್ತಿರಲಿಲ್ಲ.

ಕಳೆದ ಭಾನುವಾರ, ಜೋಡಿ ಪಂದ್ಯಕ್ಕೆ ಮೊದಲಿನ ಪರೀಕ್ಷೆಯ ಆಟದಲ್ಲಿ, ನಾನು ತಳ್ಳಿದ ಚೆಂಡುಗಳೆಲ್ಲ ಗುಳಿಯ ಎಡಕ್ಕೆ ಹೋದವು. ನಮ್ಮ ಚೀಲ ಹೊತ್ತಿದ್ದ ಕ್ಯಾಡಿ ಮಲ್ಲಪ್ಪ ವಿಜಯಪುರದ ಕಡೆಯವನು. ಮೊದಲು ಬಿಲ್ಡಿಂಗುಗಳಲ್ಲಿ ಟೈಲ್ಸ್ ಹಾಕುತ್ತಿದ್ದವನು. ಸಾಕಷ್ಟು ನೋಡಿ ಕೇಳಿದ: "ಸಾಹೇಬ್ರ, ದಿನಾ ಎಲ್ಲಿ ಆಡ್ತೀರಿ?"

"ಮನೆಯಲ್ಲಿ."

"ಹಂಗಾರ ನಿಮ್ಮ ಕೈ ಬರೋಬರಿ ಐತ್ರಿ. ಮನಿ ನೆಲಾನ ಒಂದ್ ಕಡೆ ವಾರಿ ಐತಿ ನೋಡ್ರಿ."

ಭಾವ ಚಹಾ ಕುಡಿದು ಕಪ್ಪು ಕೆಳಗಿಟ್ಟರು. ಆಮೇಲೆ, "ಬೇಜಾರು ಮಾಡ್ಬೇಡಿ. ಪಂದ್ಯಕ್ಕೆ ಬೇರೆ ಯಾರನ್ನಾದ್ರೂ ನೋಡ್ತೇನೆ" ಎಂದರು.

ಮನೆಗೆ ಬಂದು ಹಾಲ್‌ನ ನಡುವೆ ಚೆಂಡಿಟ್ಟು ಕೈ ತೆಗೆದೆ. ಅದು ಯಾವ ಅವಸರವೂ ಇಲ್ಲದೆ ಉರುಳಿಕೊಂಡು ಬಾಲ್ಕನಿ ಸೇರಿತು. ನೆಲ ಹಾಕಿದವನ ಮೇಲೆ, ಹಾಕಿಸಿದ ಬಿಲ್ಡರನ ಮೇಲೆ, ಇದನ್ನು ಅಂಗೀಕರಿಸಿ ಸಹಿ ಹಾಕಿದವರೆಲ್ಲರ ಮೇಲೆ ನನಗೆ ಮೈ ಉರಿಯಿತು. ಹೆಂಡತಿ ಸುಮತಿ ಬಟ್ಟೆ ಮಡಚುತ್ತಲೇ ಹೇಳಿದಳು: "ಅದು ಅಲ್ಲಿಗೇ ಹೋಗುದು. ಒರೆಸುವಾಗ ನೀರೂ ಅಲ್ಲಿಗೇ ಹೋಗ್ತದೆ."

"ನಿನಗೆ ಗೊತ್ತಿತ್ತಾ?"

"ಈ ಮನೆಗೆ ಬಂದ ಮರುದಿನದಿಂದ ಗೊತ್ತುಂಟು."

"ಮೂರು ತಿಂಗಳು ನೋಡಿಕೊಂಡು ಸುಮ್ಮನೆ ಕೂತೆಯಲ್ಲ."

"ಹೇಳ್ಲಿಕ್ಕೆ ಬಂದಿದ್ದೆ. ಹೊಡೆಯುವಾಗ ಮಾತಾಡ್ಬೇಡ ಅಂದ್ರಿ."

ಉರಿ ಇನ್ನಷ್ಟು ಏರಿತು. ಆಗ ಬೈಯಲು ಯಾರೂ ಉಳಿದಿರಲಿಲ್ಲವಾದ್ದರಿಂದ ಭಾವನಿಗೆ ಫೋನ್ ಮಾಡಿ, ತಪ್ಪು ನನ್ನದಲ್ಲ, ನೆಲದ್ದು ಎಂದು ಸಾಕ್ಷಿಸಮೇತ ವರದಿ ಒಪ್ಪಿಸಿದೆ. ಅವರು ಬಹಳ ಹೊತ್ತು ನಕ್ಕರು. "ಆಯ್ತು, ಇನ್ನೊಂದು ಆದಿತ್ಯವಾರ ನೋಡುವ. ಆದ್ರೆ ಎಲ್ಲಿ ಆಡ್ಬೇಕು ಅಂತ ಈ ಸಲ ಸುಮತಿಯ ಹತ್ರ ಕೇಳಿ."

ಕೇಳಿದೆ. "ಅಡುಗೆಮನೆಯಲ್ಲಿ ನೀರು ನಿಂತಲ್ಲೇ ನಿಲ್ತದೆ. ಅಲ್ಲಿ ಆಡಿ. ಮೊದಲು ಒರೆಸಿ" ಎಂದಳು.

ಈಗ ದಿನಾ ಬೆಳಿಗ್ಗೆ ಮೊಣಕಾಲೂರಿ ಅಡುಗೆಮನೆ ಒರೆಸಿ, ಗ್ಯಾಸಿನ ಕಟ್ಟೆಗೂ ಫ್ರಿಜ್ಜಿಗೂ ನಡುವೆ ನಿಂತು ಅಭ್ಯಾಸ ಮಾಡುತ್ತಿದ್ದೇನೆ. ಮಲ್ಲಪ್ಪನಿಂದ ಮಟ್ಟಗೋಲು ತರಿಸಿ ಇಟ್ಟು ನೋಡಿಯಾಗಿದೆ. ನೆಲ ಕೂದಲೆಳೆಯಷ್ಟೂ ವಾರೆಯಿಲ್ಲ. ಆದರೂ ಹತ್ತರಲ್ಲಿ ನಾಲ್ಕು ಚೆಂಡು ಎಡಕ್ಕೇ ಹೋಗುತ್ತಿವೆ. ಈ ಸುದ್ದಿಯನ್ನು ಭಾವನಿಗೆ ಇನ್ನೂ ಕೊಟ್ಟಿಲ್ಲ.