ಯಾರೂ ಒತ್ತಬೇಡಿ

ಹೊಲಿಗೆ ಮಿಷನ್ ರಿಪೇರಿಯವನು ಇಂಟರ್ನೆಟ್ಟಿನಲ್ಲಿ ಜಾಹೀರಾತು ಕೊಟ್ಟದ್ದು ಗಿರಾಕಿಗಳಿಗಾಗಿ ಅಲ್ಲ, ಒಬ್ಬಳಿಗಾಗಿ. ಮಿಷನ್ನಿನೊಳಗಿನ ದಾರದ ಉರುಳೆಯಂತೆ ಸದಾ ಗಿರಗಿರ ಸುತ್ತುತ್ತಿದ್ದ ಅವನಿಗೆ ಬೀದಿಯವರು ಬಾಬಿನ್ ಎಂದು ಹೆಸರಿಟ್ಟಿದ್ದರು. ಅವಳು ಪಕ್ಕದ ಟೈಲರ್ ಅಂಗಡಿಯಲ್ಲಿ ಹೊಲಿಯುತ್ತಿದ್ದವಳು. "ದಾರ ಕಟ್ಟಾಗ್ತಿದೆ, ಬೇಗ ಬನ್ನಿ, ಆಯ್ತಾ?" ಎಂದು ಬಾಗಿಲಲ್ಲಿ ನಿಂತು ಕರೆಯುತ್ತಿದ್ದಳು. ಟೈಲರ್ ಅಂಗಡಿ ಮುಚ್ಚಿತು, ಅವಳು ಹೊಳೆಯಾಚೆಯ ಊರಿಗೆ ಹೋದಳು. ಆ 'ಆಯ್ತಾ' ಮಾತ್ರ ಮುರಿದ ಸೂಜಿಯ ಹಾಗೆ ಬಾಬಿನ್‌ನ ಕಿವಿಯಲ್ಲೇ ಸಿಕ್ಕಿಕೊಂಡಿತು.

ಫೋಟೋಗೆ ಅವಳೇ ಹೊಲಿದ ನೀಲಿ ಅಂಗಿ ತೊಟ್ಟಿದ್ದ. ಹೊಟ್ಟೆಯ ಮೇಲಿನ ಗುಂಡಿ ಉಸಿರು ಬಿಗಿಹಿಡಿದು ನಿಂತಿತ್ತು. ಹಣ ಕಟ್ಟಿದ ಕಾರ್ಡು ಭಾವನದು, ಹಾಗಾಗಿ ಜಾಹೀರಾತಿನ ಖಾತೆಯೂ ಭಾವನ ಹೆಸರಿನಲ್ಲೇ. ಫೋನ್ ನಂಬರ್ ಮಾತ್ರ ತನ್ನದು. ಜಾಹೀರಾತು ಎರಡೂ ಊರಿನವರಿಗೆ ಕಾಣುತ್ತದೆ. ಯಾರಾದರೂ ಅದನ್ನು ಒತ್ತಿದಾಗಲೆಲ್ಲ ಇಷ್ಟಿಷ್ಟು ಹಣ ಹೋಗುತ್ತದೆ. ದಿನದ ಹಣ ಮುಗಿದರೆ ಜಾಹೀರಾತು ಮಾಯ.

ಬೆಳಿಗ್ಗೆ ಕ್ಷೌರದಂಗಡಿಯವನು ಓಡಿ ಬಂದ. "ಲೋ ಬಾಬಿನ್, ಹೀರೋ ಆಗ್ಬಿಟ್ಯಲ್ಲೋ! ನಾನೂ ಒತ್ತಿದೆ, ಗಡ್ಡಕ್ಕೆ ಬಂದೋರ ಕೈಲೂ ಒತ್ತಿಸಿದೆ."

"ಅಯ್ಯೋ ಅಣ್ಣಾ, ಒತ್ತಿದ್ರೆ ನನ್ನ ದುಡ್ಡು ಹೋಗುತ್ತೆ!"

"ಹೌದಾ? ತಾಳು, ನೋಡೋಣ" ಎಂದು ಇನ್ನೊಮ್ಮೆ ಒತ್ತಿದ.

ಅಷ್ಟರಲ್ಲಿ ಅಕ್ಕನ ಫೋನ್. "ನಮ್ಮ ಆಫೀಸಿನೋರೆಲ್ಲ ಒತ್ತಿದ್ವಿ ಕಣೋ, ಒಬ್ಬರನ್ನೂ ಬಿಟ್ಟಿಲ್ಲ. ಆದ್ರೆ ಆ ಅಂಗಿ ಯಾಕೋ ಹಾಕ್ಕೊಂಡೆ? ಬಾಯಿ ಕಟ್ಟಿದ ಮೂಟೆ ಥರ ಕಾಣ್ತೀಯ."

ಬಾಬಿನ್ ಬೀದಿಗಿಳಿದ. "ಯಾರೂ ಒತ್ತಬೇಡಿ, ಕೈ ಮುಗಿತೀನಿ!" ಅಂದದ್ದೇ ತಡ, ಅಂಥದ್ದೇನಿದೆ ಎಂದು ಅಲ್ಲಿವರೆಗೆ ನೋಡದವರೂ ಒತ್ತಿದರು. ಮಧ್ಯಾಹ್ನಕ್ಕೆ ಜಾಹೀರಾತು ಮಾಯ. ಹೊಳೆಯಾಚೆ ಅವಳು ಮೊಬೈಲ್ ಕೈಗೆತ್ತಿಕೊಂಡರೆ ತನ್ನ ಜಾಗದಲ್ಲಿ ಯಾರದೋ ಚಪ್ಪಲಿ ಜಾಹೀರಾತು ಕಾಣುತ್ತದಲ್ಲ ಎಂದು ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತ.

ಫೋನ್ ರಿಂಗಾಯಿತು.

"ನಮಸ್ಕಾರ ಸರ್, ಜಾಹೀರಾತು ಕಂಪನಿಯಿಂದ. ನಿಮ್ಮ ಇವತ್ತಿನ ಹಣ ಮುಗೀತು. ಎರಡು ಪಟ್ಟು ಮಾಡಿದ್ರೆ ಸಂಜೆವರೆಗೂ ಬರುತ್ತೆ, ಆಯ್ತಾ?"

ಬಾಬಿನ್‌ನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗೆ ಬಿತ್ತು. ಅದೇ ದನಿ, ಅದೇ 'ಆಯ್ತಾ'. "ನೀವು... ಆ ಜಾಹೀರಾತು ನೋಡಿದ್ರಾ?"

"ನಮಗೆ ಖಾತೆಯವರ ಹೆಸರು, ಲೆಕ್ಕ ಅಷ್ಟೇ ಕಾಣೋದು ಸರ್. ಫೋಟೋ ಕಾಣಲ್ಲ."

ತಾನು ಯಾರೆಂದು ಹೇಳಹೊರಟ. ದಾರ ಸಿಕ್ಕಿಕೊಂಡ ಮಿಷನ್ನಿನಂತೆ ನಾಲಿಗೆ ನಿಂತುಬಿಟ್ಟಿತು.

"ಬೇಗ ಹೇಳಿ ಸರ್, ಇನ್ನೂ ತುಂಬಾ ಜನಕ್ಕೆ ಫೋನ್ ಮಾಡ್ಬೇಕು. ಈಗ ಎಲ್ರೂ ಜಾಸ್ತಿನೇ ಮಾಡ್ತಿದಾರೆ."

"ಮೂರು ಪಟ್ಟು ಮಾಡಿ. ನಾಳೆನೂ ನೀವೇ ಫೋನ್ ಮಾಡ್ತೀರಾ?"

"ಹಣ ಮುಗಿದ್ರೆ ಮಾತ್ರ ಸರ್, ಆಯ್ತಾ?"

ಆಚೆ ಕಡೆ ಸದ್ದು ನಿಂತ ಮೇಲೂ ಬಾಬಿನ್ ಫೋನನ್ನು ಕಿವಿಗೆ ಒತ್ತಿಕೊಂಡೇ ಇದ್ದ. ಆಮೇಲೆ ಎದ್ದು ಹೋಗಿ ಕ್ಷೌರದಂಗಡಿಯ ಬಾಗಿಲಲ್ಲಿ ನಿಂತ.

"ಅಣ್ಣಾ, ನಾಳೆ ಸ್ವಲ್ಪ ಬೇಗ ಅಂಗಡಿ ತೆಗೀರಿ. ಬಂದೋರ ಕೈಲೆಲ್ಲ ಒತ್ತಿಸಿ, ಆಯ್ತಾ?"